ಟೈಮ್‌ಕೋಡ್ ಗಡಿಯಾರವಲ್ಲ: ಕ್ಯಾಪ್ಶನ್ ಎಕ್ಸ್‌ಪೋರ್ಟ್ ಮಾಡುವವರಿಗೆ

(ಉಪನ್ಯಾಸದ ಬರಹ ರೂಪ)

ಒಂದು ಗಂಟೆಯ ವಿಡಿಯೋ. ಮೊದಲ ಐದು ನಿಮಿಷ ಮಾತಿಗೂ ಕ್ಯಾಪ್ಶನ್‌ಗೂ ಸರಿಯಾಗಿ ಹೊಂದಿಕೆ ಇದೆ. ಎಲ್ಲ ಚೆನ್ನಾಗಿದೆ ಎಂದು ಅಪ್‌ಲೋಡ್ ಮಾಡಿ ಕೈತೊಳೆದುಕೊಳ್ಳುತ್ತೇವೆ. ಕೊನೆಯ ಹತ್ತು ನಿಮಿಷಕ್ಕೆ ಬಂದರೆ ಕ್ಯಾಪ್ಶನ್ ಮೂರೂವರೆ ಸೆಕೆಂಡ್ ಮುಂದೆ ಓಡುತ್ತಿದೆ. ಪ್ರಶ್ನೆ ಕೇಳುವವರ ಮುಖ ಪರದೆಯ ಮೇಲಿದೆ, ಕೆಳಗೆ ಉತ್ತರ ಕಾಣುತ್ತಿದೆ. ಕಿವಿ ಕೇಳುವವರಿಗೆ ಇದು ಬರೀ ಕಿರಿಕಿರಿ. ಕೇಳದವರಿಗೆ ಯಾರು ಏನು ಹೇಳಿದರು ಎಂಬುದೇ ಅದಲು ಬದಲು. ಇದಕ್ಕೆ ಟೈಪ್ ಮಾಡಿದವರ ತಪ್ಪು ಕಾರಣವಲ್ಲ. ಎಡಿಟಿಂಗ್ ಸಾಫ್ಟ್‌ವೇರಿನಿಂದ ಫೈಲ್ ಹೊರಗೆ ಬರುವ ಆ ಒಂದು ಕ್ಷಣದಲ್ಲಿ ತಪ್ಪು ನುಸುಳಿದೆ. ಇವತ್ತಿನ ಮಾತೆಲ್ಲ ಆ ಕ್ಷಣದ ಬಗ್ಗೆಯೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಭಾಷೆ ಬಾರದವರಿಗೆ ಸಬ್‌ಟೈಟಲ್, ಸದ್ದು ಕೇಳದವರಿಗೆ ಕ್ಯಾಪ್ಶನ್. ಕ್ಯಾಪ್ಶನ್‌ನಲ್ಲಿ ಮಾತಿನ ಜೊತೆಗೆ ಮಾತಾಡುವವರು ಯಾರು, ಬಾಗಿಲು ಬಡಿದದ್ದು, ಫೋನ್ ರಿಂಗಾದದ್ದು, ಸಂಗೀತ ನಿಂತದ್ದು ಎಲ್ಲ ಇರಬೇಕು. ವಿಡಿಯೋದೊಳಗೇ ಅಚ್ಚೊತ್ತಿದರೆ ಅದು ಓಪನ್ ಕ್ಯಾಪ್ಶನ್; ಬೇರೆ ಫೈಲಾಗಿಯೋ ಬೇರೆ ಟ್ರ್ಯಾಕಾಗಿಯೋ ಇದ್ದು ಬೇಕೆಂದಾಗ ಹಾಕಿ, ಬೇಡವೆಂದಾಗ ತೆಗೆಯುವಂತಿದ್ದರೆ ಕ್ಲೋಸ್ಡ್ ಕ್ಯಾಪ್ಶನ್. ಕ್ಲೋಸ್ಡ್ ಆದರೆ ನೋಡುವವರು ಅಕ್ಷರದ ಗಾತ್ರ, ಹಿನ್ನೆಲೆಯ ಬಣ್ಣ ಬದಲಿಸಿಕೊಳ್ಳಬಹುದು. ದೃಷ್ಟಿಯೂ ಮಂದವಾಗಿರುವವರಿಗೆ ಇದು ದೊಡ್ಡ ಅನುಕೂಲ. ವೆಬ್ ವಿಷಯಗಳ ಸುಗಮ್ಯತೆಯ ಡಬ್ಲ್ಯುಸಿಎಜಿ ಮಾನದಂಡದಲ್ಲಿ ಮೊದಲೇ ಚಿತ್ರಿಸಿದ ವಿಡಿಯೋಗೆ ಕ್ಯಾಪ್ಶನ್ ಇರಬೇಕೆಂಬುದು 1.2.2ನೇ ನಿಯಮ, ಅದೂ ತೀರ ಕೆಳಗಿನ ‘ಎ’ ಹಂತದಲ್ಲಿ. ನೇರ ಪ್ರಸಾರಕ್ಕೆ 1.2.4, ಅದು ‘ಎಎ’ ಹಂತ.

ಫ್ರೇಮಿನ ವಿಳಾಸ, ಸಮಯವಲ್ಲ

ಎಡಿಟಿಂಗ್ ಟೈಮ್‌ಲೈನಿನಲ್ಲಿ 01:00:00:00 ಎಂಬ ಟೈಮ್‌ಕೋಡ್ ಕಂಡರೆ ಒಂದು ಗಂಟೆ ಎಂದು ಓದುವುದು ಸಹಜ. ಆದರೆ ಅದು ಗಂಟೆಯಲ್ಲ, ಒಂದು ಫ್ರೇಮಿನ, ಅಂದರೆ ವಿಡಿಯೋ ಆಗಿ ಓಡುವ ಬಿಡಿ ಚಿತ್ರಗಳಲ್ಲಿ ಒಂದರ, ವಿಳಾಸ. ಮನೆ ನಂಬರ್ ಇದ್ದಂತೆ. ನೂರನೇ ನಂಬರಿನ ಮನೆ ಬೀದಿಯ ಬಾಯಿಂದ ನೂರು ಮೀಟರ್ ದೂರದಲ್ಲೇ ಇರಬೇಕೆಂದಿಲ್ಲವಲ್ಲ! ಕೊನೆಯ ಎರಡಂಕಿ ಫ್ರೇಮಿನ ಸಂಖ್ಯೆ. ಸೆಕೆಂಡಿಗೆ 25 ಫ್ರೇಮಿನ ದರದಲ್ಲಿ ಅದು 00ಯಿಂದ 24ರವರೆಗೆ ಹೋಗಿ ಸೆಕೆಂಡಿನ ಅಂಕಿ ಒಂದು ಏರುತ್ತದೆ. 25ರಲ್ಲಿ ವಿಳಾಸಕ್ಕೂ ಗಡಿಯಾರಕ್ಕೂ ಜಗಳವಿಲ್ಲ: ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್, ಲೆಕ್ಕ ಚುಕ್ತಾ.

ಜಗಳ ಇರುವುದು 23.976 ಮತ್ತು 29.97ರಲ್ಲಿ. 1953ರಲ್ಲಿ ಅಮೆರಿಕದ ಎನ್‌ಟಿಎಸ್‌ಸಿ ಬಣ್ಣದ ಟಿವಿ ಬಂದಾಗ ಬಣ್ಣದ ಸಂಕೇತ ಧ್ವನಿಯ ಸಂಕೇತಕ್ಕೆ ಅಡ್ಡ ಬರಬಾರದೆಂದು 30 ಫ್ರೇಮ್ ದರವನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ಇಳಿಸಿದರು. 30 ಹೀಗೆ 29.97 ಆಯಿತು, ಅದೇ ಲೆಕ್ಕದಲ್ಲಿ 24 ಎಂಬುದು 23.976. ಆ ಟಿವಿಗಳು ಗುಜರಿ ಸೇರಿದರೂ ದರ ಮಾತ್ರ ನಮ್ಮನ್ನು ಬಿಟ್ಟಿಲ್ಲ. 23.976ರ ಟೈಮ್‌ಲೈನಿನಲ್ಲಿ ವಿಳಾಸ ಬರೆಯುವಾಗ ಸೆಕೆಂಡಿಗೆ 24 ಫ್ರೇಮ್ ಎಂದೇ ಎಣಿಸುತ್ತಾರೆ, ಓಡುವುದು ಮಾತ್ರ 23.976ರಂತೆ. ಹಾಗಾಗಿ ವಿಳಾಸ ಒಂದು ಗಂಟೆ ಮುಂದೆ ಸರಿದಾಗ ನಿಜವಾದ ಗಡಿಯಾರ 3603.6 ಸೆಕೆಂಡ್ ಓಡಿರುತ್ತದೆ. ಎಸ್‌ಆರ್‌ಟಿ, ವೆಬ್‌ವಿಟಿಟಿ ಎಂಬ ಕ್ಯಾಪ್ಶನ್ ಫೈಲುಗಳಲ್ಲಿ ಇರುವುದು ಗಡಿಯಾರದ ಸಮಯ, ಮಿಲಿಸೆಕೆಂಡಿನಲ್ಲಿ. ಎಕ್ಸ್‌ಪೋರ್ಟ್ ಅಂದರೆ ವಿಳಾಸವನ್ನು ಗಡಿಯಾರಕ್ಕೆ ತಿರುಗಿಸುವ ಕೆಲಸ. ಯಾವುದಾದರೂ ಸಾಫ್ಟ್‌ವೇರ್ ಅಥವಾ ಯಾರೋ ಬರೆದ ಸಣ್ಣ ಪ್ರೋಗ್ರಾಂ ಆ ವಿಳಾಸವನ್ನೇ ಗಂಟೆ, ನಿಮಿಷ, ಸೆಕೆಂಡ್ ಎಂದು ನಕಲು ಮಾಡಿ, ಫ್ರೇಮನ್ನಷ್ಟೇ ಮಿಲಿಸೆಕೆಂಡ್ ಮಾಡಿತೋ, ಗಂಟೆಗೆ 3.6 ಸೆಕೆಂಡ್ ತಪ್ಪು ಖಾತ್ರಿ. ಆಗ ಕ್ಯಾಪ್ಶನ್ ಮುಂಚೆಯೇ ಬಂದುಬಿಡುತ್ತದೆ.

ಸರಿಯಾದ ಲೆಕ್ಕಕ್ಕೆ ವಿಳಾಸವನ್ನು ಮೊದಲು ಒಟ್ಟು ಫ್ರೇಮ್ ಸಂಖ್ಯೆಗೆ ತರಬೇಕು. 23.976 ಆದರೆ ಅದನ್ನು 1001ರಿಂದ ಗುಣಿಸಿ 24000ದಿಂದ ಭಾಗಿಸಬೇಕು, 29.97 ಆದರೆ 1001ರಿಂದ ಗುಣಿಸಿ 30000ದಿಂದ. 23.976 ಎಂಬ ದಶಮಾಂಶವನ್ನು ಲೆಕ್ಕಕ್ಕೆ ಬಳಸದಿರುವುದೇ ಒಳ್ಳೆಯದು, ಅದು ಮಾತಿಗಷ್ಟೇ ಅನುಕೂಲ.

29.97ರಲ್ಲಿ ಡ್ರಾಪ್ ಫ್ರೇಮ್ ಎಂಬ ಇನ್ನೊಂದು ಪದ್ಧತಿ ಇದೆ. ಹೆಸರು ಕೇಳಿ ಫ್ರೇಮ್‌ಗಳನ್ನು ಎಸೆಯುತ್ತಾರೆ ಎಂದುಕೊಳ್ಳುವವರು ಬಹಳ. ಒಂದು ಫ್ರೇಮೂ ಹೋಗುವುದಿಲ್ಲ, ಹೋಗುವುದು ನಂಬರ್ ಮಾತ್ರ. ಪ್ರತಿ ನಿಮಿಷದ ಆರಂಭದಲ್ಲಿ 00 ಮತ್ತು 01 ಎಂಬ ಎರಡು ಸಂಖ್ಯೆಗಳನ್ನು ಬಿಟ್ಟು ಎಣಿಸುತ್ತಾರೆ, ಹತ್ತನೇ ನಿಮಿಷಗಳನ್ನು ಹೊರತುಪಡಿಸಿ. ಗಂಟೆಗೆ 54 ನಿಮಿಷ, ಎರಡೆರಡು, ಒಟ್ಟು 108 ಸಂಖ್ಯೆ. 108 ಫ್ರೇಮ್ ಅಂದರೆ ಅದೇ 3.6 ಸೆಕೆಂಡ್. ಹೀಗಾಗಿ ಡ್ರಾಪ್ ಫ್ರೇಮಿನ ಒಂದು ಗಂಟೆ ನಿಜಕ್ಕೂ 3599.996 ಸೆಕೆಂಡ್, ಗಡಿಯಾರಕ್ಕೆ ಬಹುಪಾಲು ಸಮ. ಬರಹದಲ್ಲಿ ಗುರುತು ಹಿಡಿಯುವುದು ಸುಲಭ: ಫ್ರೇಮಿನ ಮುಂದೆ ಅರ್ಧವಿರಾಮ, 01:00:00;00. ನಾನ್ ಡ್ರಾಪ್ ಆದರೆ 01:00:00:00. ಆ ಒಂದು ಚುಕ್ಕೆ-ಬಾಲವನ್ನು ಕಡೆಗಣಿಸಿ ಒಂದನ್ನು ಇನ್ನೊಂದೆಂದು ಓದಿದರೆ ಮತ್ತೆ ಅದೇ ಗಂಟೆಗೆ 3.6ರ ತಪ್ಪು.

ತಪ್ಪು ನೋಡಿ ಕಾರಣ ಹೇಳುವುದು

ಆರಂಭ, ನಡು, ಕೊನೆ, ಹೀಗೆ ಮೂರು ಕಡೆ ವ್ಯತ್ಯಾಸ ಅಳೆಯಿರಿ. ತುಟಿ ಸ್ಪಷ್ಟವಾಗಿ ಕಾಣುವ, ಮೌನದ ನಂತರ ಮಾತು ಶುರುವಾಗುವ ಜಾಗಗಳೇ ಆಗಬೇಕು. ಮೂರೂ ಕಡೆ ಒಂದೇ ವ್ಯತ್ಯಾಸ ಬಂದರೆ ಆರಂಭ ಬಿಂದುವಿನ ಸಮಸ್ಯೆ. ಹೋಗುತ್ತ ಹೋಗುತ್ತ ಹೆಚ್ಚಾದರೆ ಫ್ರೇಮ್ ದರದ ಸಮಸ್ಯೆ. ಒಂದು ಜಾಗದವರೆಗೆ ಸರಿಯಿದ್ದು ಅಲ್ಲಿಂದ ಒಮ್ಮೆಲೇ ಜಿಗಿದರೆ, ಕ್ಯಾಪ್ಶನ್ ಮಾಡಿದ ಮೇಲೆ ಯಾರೋ ವಿಡಿಯೋ ಕತ್ತರಿಸಿದ್ದಾರೆ ಅಥವಾ ನಡುವೆ ಏನೋ ಸೇರಿಸಿದ್ದಾರೆ.

ಆರಂಭದ ತಪ್ಪಿನಲ್ಲಿ ಹೆಚ್ಚಾಗಿ ಕಾಣುವುದು ಪೂರ್ತಿ ಒಂದು ಗಂಟೆಯ ಸರಿತ. ಪ್ರಸಾರದ ರೂಢಿಯಂತೆ ಕಾರ್ಯಕ್ರಮದ ಮೊದಲ ಫ್ರೇಮಿಗೆ 01:00:00:00 ಎಂದು ವಿಳಾಸ ಕೊಡುತ್ತಾರೆ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಹೊಸ ಟೈಮ್‌ಲೈನ್ ಸುಮ್ಮನೆ ತೆರೆದರೂ ಅಲ್ಲಿಂದಲೇ ಶುರು. ಆ ಒಂದು ಗಂಟೆ ಎಸ್‌ಆರ್‌ಟಿಯೊಳಕ್ಕೂ ಬಂದುಬಿಟ್ಟರೆ ಹತ್ತು ನಿಮಿಷದ ವಿಡಿಯೋದಲ್ಲಿ ಒಂದೂ ಕ್ಯಾಪ್ಶನ್ ಕಾಣುವುದಿಲ್ಲ, ಎಲ್ಲವೂ 60ನೇ ನಿಮಿಷಕ್ಕಾಗಿ ಕಾಯುತ್ತ ಕೂತಿರುತ್ತವೆ. ಪ್ಲೇಯರ್ ಯಾವ ದೂರನ್ನೂ ಹೇಳುವುದಿಲ್ಲ. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಸಾಲಿನ ಸಮಯ ನೋಡಿದರೆ ಸಾಕು, ಗುಟ್ಟು ಹೊರಬೀಳುತ್ತದೆ. ಪರಿಹಾರ ಎರಡು: ಎಕ್ಸ್‌ಪೋರ್ಟಿಗೆ ಮುನ್ನ ಟೈಮ್‌ಲೈನಿನ ಆರಂಭವನ್ನು 00:00:00:00ಕ್ಕೆ ತರುವುದು, ಅಥವಾ ಸಬ್‌ಟೈಟಲ್ ಎಡಿಟ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಎಲ್ಲ ಸಾಲುಗಳನ್ನೂ ಒಟ್ಟಿಗೆ ಹಿಂದಕ್ಕೆ ಸರಿಸುವುದು. ಎರಡನೆಯದಾದರೆ ಎಚ್ಚರ. 23.976ರ ಫೈಲಿನಲ್ಲಿ ಆರಂಭದ ‘ಒಂದು ಗಂಟೆ’ ಸರಿಯಾಗಿ ಪರಿವರ್ತನೆಯಾಗಿದ್ದರೆ ಅದು 01:00:03,600 ಆಗಿರುತ್ತದೆ. ಅಷ್ಟನ್ನೇ ಕಳೆಯಬೇಕು, ಬರೀ ಗಂಟೆಯನ್ನಲ್ಲ.

ಹೆಚ್ಚುತ್ತ ಹೋಗುವ ತಪ್ಪಿಗೆ ಎರಡು ಅಂಕಿ ನೆನಪಿಟ್ಟುಕೊಂಡರೆ ಸಾಕು. ಹತ್ತು ನಿಮಿಷಕ್ಕೆ 0.6 ಸೆಕೆಂಡ್ ಜಾರಿದರೆ ಅದು ಸಾವಿರಕ್ಕೊಂದರ ತಪ್ಪು: 23.976ಕ್ಕೂ 24ಕ್ಕೂ, 29.97ಕ್ಕೂ 30ಕ್ಕೂ ನಡುವಿನದು. ಹತ್ತು ನಿಮಿಷಕ್ಕೆ 24 ಸೆಕೆಂಡಿನ ಆಸುಪಾಸು ಜಾರಿದರೆ 24 ಅಥವಾ 23.976ರ ವಿಡಿಯೋವನ್ನು ವೇಗ ಹೆಚ್ಚಿಸಿ 25ಕ್ಕೆ ತಂದಿದ್ದಾರೆ, ಕ್ಯಾಪ್ಶನ್ ಮಾತ್ರ ಹಳೆಯದು. ಆಗ ಎಲ್ಲ ಸಮಯವನ್ನೂ 24ರಿಂದ ಬಂದಿದ್ದರೆ 0.96ರಿಂದ, 23.976ರಿಂದ ಬಂದಿದ್ದರೆ 0.95904ರಿಂದ ಗುಣಿಸಿದರೆ ಸರಿಹೋಗುತ್ತದೆ. ಗುಣಿಸುವ ಮೊದಲು ಎರಡೂ ವಿಡಿಯೋಗಳ ಒಟ್ಟು ಅವಧಿ ಹೋಲಿಸಿ. ವೇಗ ಬದಲಿಸದೆ, ಫ್ರೇಮ್‌ಗಳನ್ನು ಪುನರಾವರ್ತಿಸಿ 25 ಮಾಡಿದ್ದರೆ ಅವಧಿ ಒಂದೇ ಇರುತ್ತದೆ. ಅಂಥಲ್ಲಿ ಗುಣಿಸಿದರೆ ಸರಿಯಿದ್ದದ್ದನ್ನು ಕೆಡಿಸಿದಂತೆ.

ಇನ್ನೊಂದು ಜಾತಿಯ ಜಾರಿಕೆಗೆ ಲೆಕ್ಕವೇ ಸಿಗುವುದಿಲ್ಲ: ಒಮ್ಮೆ ಅರ್ಧ ಸೆಕೆಂಡ್ ಹಿಂದೆ, ಆಮೇಲೆ ಸರಿ, ಮತ್ತೆ ಮುಂದೆ. ಮೂಲ ವಿಡಿಯೋ ಮೊಬೈಲಿನದೋ ಪರದೆ ರೆಕಾರ್ಡಿಂಗಿನದೋ ಆಗಿದ್ದರೆ ಅನುಮಾನ ಅಲ್ಲಿಗೇ ಹೋಗಲಿ. ಅವುಗಳಲ್ಲಿ ಫ್ರೇಮ್ ದರ ಸ್ಥಿರವಾಗಿರುವುದಿಲ್ಲ, ಬೆಳಕು ಕಡಿಮೆಯಾದರೆ ಅಥವಾ ಪರದೆ ಅಲುಗಾಡದಿದ್ದರೆ ದರ ಇಳಿಯುತ್ತದೆ. ಇದನ್ನು ಕ್ಯಾಪ್ಶನ್ ಫೈಲಿನಲ್ಲಿ ತಿದ್ದಲು ಹೊರಡುವುದು ವ್ಯರ್ಥ ಶ್ರಮ. ಎಡಿಟಿಂಗ್ ಶುರುಮಾಡುವ ಮೊದಲೇ ಹ್ಯಾಂಡ್‌ಬ್ರೇಕ್ ಅಥವಾ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರ್ ಬಳಸಿ ಸ್ಥಿರ ದರಕ್ಕೆ ತಂದುಕೊಳ್ಳಬೇಕು.

ಯಾವ ಫೈಲ್, ಅದರಲ್ಲಿ ಏನು ಕೆಡುತ್ತದೆ

ಎಸ್‌ಆರ್‌ಟಿ ಎಲ್ಲಕ್ಕಿಂತ ಸರಳ. ಕ್ರಮಸಂಖ್ಯೆ, ಅದರ ಕೆಳಗೆ ಸಮಯದ ಸಾಲು, ಕೆಳಗೆ ಮಾತು, ಆಮೇಲೆ ಒಂದು ಖಾಲಿ ಸಾಲು.

1
00:00:12,480 --> 00:00:15,920
[ಬಾಗಿಲು ಬಡಿದ ಸದ್ದು]
ಯಾರದು ಹೊರಗೆ?

ಮಿಲಿಸೆಕೆಂಡಿನ ಮುಂದೆ ಅಲ್ಪವಿರಾಮ. ವೆಬ್‌ವಿಟಿಟಿಯಲ್ಲಿ ಅಲ್ಲೇ ಚುಕ್ಕೆ: 00:00:12.480. ಜೊತೆಗೆ ಫೈಲಿನ ಮೊದಲ ಸಾಲಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ವೆಬ್‌ವಿಟಿಟಿ ಎಂಬ ಪದ, ಅದರ ಕೆಳಗೆ ಖಾಲಿ ಸಾಲು ಇರಲೇಬೇಕು. ಮಿಲಿಸೆಕೆಂಡ್ ಮೂರು ಅಂಕಿಯೇ ಆಗಬೇಕು, 12.5 ಎಂದು ಬರೆದರೆ ಆ ಸಾಲನ್ನು ಬ್ರೌಸರ್ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಕೆಲವರು ಎಸ್‌ಆರ್‌ಟಿಯನ್ನು ವಿಟಿಟಿ ಮಾಡಲು ಫೈಲಿನ ಎಲ್ಲ ಅಲ್ಪವಿರಾಮಗಳನ್ನೂ ಚುಕ್ಕೆ ಮಾಡಿಬಿಡುತ್ತಾರೆ. ಸಮಯ ಸರಿಯಾಗುತ್ತದೆ, ಆದರೆ ಮಾತಿನೊಳಗಿನ ‘ಹೌದು, ಬಂದೆ’ ಎಂಬುದು ‘ಹೌದು. ಬಂದೆ’ ಆಗುತ್ತದೆ. ಬಾಣದ ಗುರುತಿರುವ ಸಾಲುಗಳಲ್ಲಿ ಮಾತ್ರ ಬದಲಿಸಬೇಕು.

ಮೇಲಿನ ಉದಾಹರಣೆಯಲ್ಲಿ ಸದ್ದನ್ನು ಚೌಕ ಆವರಣದಲ್ಲಿ ಬರೆದದ್ದಕ್ಕೆ ಕಾರಣವಿದೆ. ಅದನ್ನೇ <ಬಾಗಿಲು ಬಡಿದ ಸದ್ದು> ಎಂದು ಕೋನ ಆವರಣದಲ್ಲಿ ಹಾಕಿದರೆ ವೆಬ್‌ವಿಟಿಟಿ ಅದನ್ನೊಂದು ಟ್ಯಾಗ್ ಎಂದು ತಿಳಿದು ನುಂಗಿಹಾಕುತ್ತದೆ. ಸಬ್‌ಟೈಟಲ್ ಸಾಫ್ಟ್‌ವೇರುಗಳಲ್ಲಿ ಕಿವುಡರಿಗಾಗಿ ಬರೆದ ಟಿಪ್ಪಣಿಗಳನ್ನು ತೆಗೆದುಹಾಕುವ ಆಯ್ಕೆಯೂ ಇರುತ್ತದೆ. ಎಲ್ಲ ಗುಂಡಿಗಳನ್ನೂ ಒಮ್ಮೆ ಒತ್ತಿ ‘ಸ್ವಚ್ಛ’ ಮಾಡುವ ಚಪಲದಲ್ಲಿ ಅದನ್ನೂ ಒತ್ತಿದರೆ ಕ್ಯಾಪ್ಶನ್ ಹೋಗಿ ಸಬ್‌ಟೈಟಲ್ ಉಳಿಯುತ್ತದೆ.

ಪ್ರಸಾರ ಕ್ಷೇತ್ರದವರು ಎಸ್‌ಸಿಸಿ ಎಂಬ ಕ್ಯಾಪ್ಶನ್ ಫೈಲ್ ಕೇಳಬಹುದು. ಅದರೊಳಗಿರುವುದು ಸಿಇಎ-608 ಎಂಬ ಹಳೆಯ ಅನಲಾಗ್ ಟಿವಿಯ ಸಂಕೇತ: ಸಾಲಿಗೆ 32 ಅಕ್ಷರ, ಪ್ರತಿ ಫ್ರೇಮಿಗೆ ಎರಡು ಬೈಟ್. ಲ್ಯಾಟಿನ್ ಲಿಪಿಯ ಭಾಷೆಗಳಿಗೆಂದೇ ಮಾಡಿದ್ದು, ಕನ್ನಡ ಅದರಲ್ಲಿ ಕೂರುವುದಿಲ್ಲ. ಯುರೋಪಿನ ಇಬಿಯು ಎಸ್‌ಟಿಎಲ್‌ನಲ್ಲಿಯೂ ಲ್ಯಾಟಿನ್, ಸಿರಿಲಿಕ್, ಅರೇಬಿಕ್, ಗ್ರೀಕ್, ಹೀಬ್ರೂ ಕೋಷ್ಟಕಗಳಷ್ಟೇ ಇವೆ. ಕನ್ನಡಕ್ಕೆ ಇಂಥವನ್ನು ಕೇಳಿದರೆ ಟಿಟಿಎಂಎಲ್ ಅಥವಾ ಅದರ ಐಎಂಎಸ್‌ಸಿ ರೂಪದ ಫೈಲ್ ಕೊಡುತ್ತೇವೆ ಎನ್ನಿ, ಅದು ಎಲ್ಲ ಲಿಪಿಗಳಿಗೂ ಜಾಗವಿರುವ ಯೂನಿಕೋಡ್. ಟಿಟಿಎಂಎಲ್‌ನಲ್ಲಿ ಸಮಯವನ್ನು ಫ್ರೇಮಿನಲ್ಲೂ ಬರೆಯಬಹುದು. ಆಗ ಫ್ರೇಮ್ ದರವನ್ನು ಫೈಲಿನ ತಲೆಯಲ್ಲಿ ಘೋಷಿಸಬೇಕು. ಘೋಷಿಸದಿದ್ದರೆ ಓದುವ ಸಾಫ್ಟ್‌ವೇರ್ 30 ಎಂದು ಹಿಡಿಯುತ್ತದೆ. 23.976, 29.97ಕ್ಕೆ 1000 ಮತ್ತು 1001ರ ಗುಣಕವೂ ಬೇಕು.

ಕನ್ನಡದ ಲಿಪಿಗೆ ಮಾತ್ರ ಬರುವ ತೊಡಕುಗಳು

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಇಂಗ್ಲಿಷ್ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ.

ಮೊದಲನೆಯದು ಅಂಕಿ. ಕನ್ನಡ ಕೀಲಿಮಣೆ ಆನ್ ಇದ್ದಾಗ ಸಮಯ ತಿದ್ದಿದರೆ ೧೨ ಎಂದು ಬೀಳಬಹುದು. ಸಮಯದ ಸಾಲಿನಲ್ಲಿ 0ಯಿಂದ 9ರವರೆಗಿನ ಅಂತಾರಾಷ್ಟ್ರೀಯ ಅಂಕಿಗಳಿಗಷ್ಟೇ ಪ್ರವೇಶ. ಒಂದೇ ಒಂದು ಕನ್ನಡ ಅಂಕಿ ಇದ್ದರೂ ಆ ಕ್ಯಾಪ್ಶನ್ ಮಾಯ. ಮಾತಿನ ಸಾಲಿನಲ್ಲಿ ಯಾವ ಅಂಕಿಯಾದರೂ ಅಡ್ಡಿಯಿಲ್ಲ.

ಎರಡನೆಯದು ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ. ಫೈಲ್ ಯುಟಿಎಫ್-8ರಲ್ಲೇ ಇರಬೇಕು, ವೆಬ್‌ವಿಟಿಟಿಗಂತೂ ಅದು ಕಡ್ಡಾಯ. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಪರದೆಯ ಮೇಲೆ ತಲೆಗೆ ಓರೆಗೆರೆ ಇರುವ ಲ್ಯಾಟಿನ್ ‘ಎ’, ಅದರ ಪಕ್ಕ ಮೇಲೇರಿದ ಸಣ್ಣ 2 ಅಥವಾ 3, ಮತ್ತೇನೋ ಒಂದು ಚಿಹ್ನೆ, ಹೀಗೆ ಸಾಲುಗಟ್ಟಿದ್ದರೆ ಗಾಬರಿ ಬೇಡ. ಫೈಲ್ ಸರಿಯಿದೆ, ಓದುವ ಸಾಫ್ಟ್‌ವೇರ್ ತಪ್ಪಾಗಿ ಓದುತ್ತಿದೆ; ಯುಟಿಎಫ್-8 ಎಂದು ಆರಿಸಿ ಮತ್ತೆ ತೆರೆಯಿರಿ, ಆ ರೂಪದಲ್ಲಿ ಸೇವ್ ಮಾತ್ರ ಮಾಡಬೇಡಿ. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಯಾರೋ ಆನ್ಸಿ ಎಂಬ ಹಳೆಯ ಎನ್‌ಕೋಡಿಂಗಿನಲ್ಲಿ ಸೇವ್ ಮಾಡಿದ್ದಾರೆ. ಅಕ್ಷರ ಹೋಯಿತು, ಅದು ತಿರುಗಿ ಬರುವುದಿಲ್ಲ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಸ್ಕ್ರಿಪ್ಟ್ ಕೊಟ್ಟರೆ ಅದು ಇನ್ನೊಂದು ಬಗೆ. ಫಾಂಟ್ ಇದ್ದಾಗ ಕನ್ನಡದಂತೆ ಕಾಣುತ್ತದೆ, ಒಳಗಿರುವುದು ಲ್ಯಾಟಿನ್ ಅಕ್ಷರಗಳ ಚೂರು. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ, ಆಮೇಲೆ ಕ್ಯಾಪ್ಶನ್ ಮಾಡಿ.

ಮೂರನೆಯದು ಕಣ್ಣಿಗೆ ಕಾಣದ ಒಂದು ಚಿಹ್ನೆ, ಜೀರೋ ವಿಡ್ತ್ ನಾನ್ ಜಾಯ್ನರ್. ‘ಸಾಫ್ಟ್‌ವೇರ್’ ಎಂಬಲ್ಲಿ ‘ಟ್’ ಮತ್ತು ‘ವೇ’ ಬೇರೆ ನಿಂತಿರುವುದು ಅದರ ದಯೆಯಿಂದ. ‘ಅನಗತ್ಯ ಚಿಹ್ನೆ ತೆಗೆ’ ಎಂಬ ಶುದ್ಧೀಕರಣ ಅದನ್ನು ಕಿತ್ತರೆ ‘ಸಾಫ್ಟ್ವೇರ್’ ಆಗುತ್ತದೆ. ಎಕ್ಸ್‌ಪೋರ್ಟ್ ಆದಮೇಲೆ ಇಂಥ ಎರಡು ಮೂರು ಪದ ಹುಡುಕಿ ನೋಡಿದರೆ ಚಿಹ್ನೆ ಉಳಿದಿದೆಯೋ ಇಲ್ಲವೋ ತಿಳಿಯುತ್ತದೆ.

ನಾಲ್ಕನೆಯದು ಎಣಿಕೆ. ಸಾಲಿಗೆ ಇಷ್ಟು ಅಕ್ಷರ, ಸೆಕೆಂಡಿಗೆ ಇಷ್ಟು ಅಕ್ಷರ ಎಂಬ ಮಿತಿಗಳನ್ನು ಹಲವು ಸಾಫ್ಟ್‌ವೇರ್‌ಗಳು ಯೂನಿಕೋಡ್ ಚಿಹ್ನೆಗಳಲ್ಲಿ ಎಣಿಸುತ್ತವೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದಕ್ಷರ, ಅದಕ್ಕೆ ಆರು. ‘ಸಾಮರ್ಥ್ಯ’ ಮೂರಕ್ಷರ, ಅದಕ್ಕೆ ಎಂಟು. ಹಾಗಾಗಿ ಆರಾಮಾಗಿ ಓದಬಹುದಾದ ಸಾಲಿಗೂ ಕೆಂಪು ಎಚ್ಚರಿಕೆ ಬರುತ್ತದೆ. ಅದಕ್ಕೆ ಹೆದರಿ ಮಾತನ್ನು ಮೊಟಕು ಮಾಡುವುದು ತಪ್ಪು. ಇಂಗ್ಲಿಷಿನ ‘ನಿಮಿಷಕ್ಕೆ ಇಷ್ಟು ಪದ’ ಎಂಬ ಅಳತೆಯೂ ಕನ್ನಡಕ್ಕೆ ಒಗ್ಗುವುದಿಲ್ಲ, ನಮ್ಮಲ್ಲಿ ‘ಬರಲಾಗುವುದಿಲ್ಲವಂತೆ’ ಒಂದೇ ಪದ. ಒಂದು ಸೆಕೆಂಡಿಗಿಂತ ಕಡಿಮೆ ಬೇಡ, ಏಳಕ್ಕಿಂತ ಹೆಚ್ಚು ಬೇಡ, ಎರಡು ಸಾಲು ಮೀರುವುದು ಬೇಡ. ಈ ಚೌಕಟ್ಟಿನೊಳಗೆ ಓದಿ ನೋಡಿ ತೀರ್ಮಾನಿಸುವುದೇ ಮೇಲು. ಇದೇ ಎಣಿಕೆಯ ಇನ್ನೊಂದು ಫಲ: ಮಿತಿ ಮುಗಿಯಿತೆಂದು ಸಾಫ್ಟ್‌ವೇರ್ ಅಕ್ಷರದ ನಡುವೆಯೇ ಸಾಲು ಮುರಿಯುತ್ತದೆ. ಎರಡನೇ ಸಾಲಿನ ತಲೆಯಲ್ಲಿ ಚುಕ್ಕೆಗಳ ವೃತ್ತಕ್ಕೆ ಅಂಟಿದ ಗುಣಿತ ಚಿಹ್ನೆ ಕಂಡರೆ ಅದೇ ಆಗಿದೆ. ತಾನಾಗಿ ಸಾಲು ಮುರಿಯುವುದನ್ನು ಆಫ್ ಮಾಡಿ, ಪದಗುಚ್ಛ ಮುಗಿಯುವಲ್ಲಿ ಕೈಯಾರೆ ಮುರಿಯಿರಿ.

ಹೊರತೆಗೆದು, ಜೋಡಿಸಿ, ನೋಡುವುದು

ಪ್ರೀಮಿಯರ್ ಪ್ರೊದಲ್ಲಿ ಎಕ್ಸ್‌ಪೋರ್ಟ್ ಪುಟದ ಕ್ಯಾಪ್ಶನ್ಸ್ ವಿಭಾಗದಲ್ಲಿ ಸೈಡ್‌ಕಾರ್ ಫೈಲ್ ಎಂದು ಆರಿಸಬೇಕು, ಆಗ ಕ್ಯಾಪ್ಶನ್ ಬೇರೆ ಫೈಲಾಗಿ ಬರುತ್ತದೆ. ಬರ್ನ್ ಎಂದರೆ ಅಚ್ಚೊತ್ತುತ್ತದೆ. ಡಾವಿಂಚಿ ರಿಸಾಲ್ವ್‌ನಲ್ಲಿ ಡೆಲಿವರ್ ಪುಟ, ಸಬ್‌ಟೈಟಲ್ ಸೆಟ್ಟಿಂಗ್ಸ್, ಎಕ್ಸ್‌ಪೋರ್ಟ್ ಸಬ್‌ಟೈಟಲ್, ಪ್ರತ್ಯೇಕ ಫೈಲ್. ಯಾವುದೇ ಆಗಲಿ, ವಿಡಿಯೋ ಮತ್ತು ಕ್ಯಾಪ್ಶನ್ ಒಂದೇ ಟೈಮ್‌ಲೈನಿನಿಂದ, ಒಂದೇ ಆರಂಭ-ಕೊನೆಯ ಗುರುತುಗಳೊಂದಿಗೆ ಹೊರಬರಲಿ. ವಿಡಿಯೋವನ್ನು ಇನ್ ಗುರುತಿನಿಂದ ತೆಗೆದು, ಕ್ಯಾಪ್ಶನ್ನನ್ನು ಟೈಮ್‌ಲೈನಿನ ಮೊದಲಿನಿಂದ ತೆಗೆದರೆ ಆ ನಡುವಿನಷ್ಟು ಸರಿತ ಖಂಡಿತ.

ಮಿಲಿಸೆಕೆಂಡಿಗೆ ದುಂಡಾಗಿಸುವಾಗ ಒಂದು ಕ್ಯಾಪ್ಶನ್ನಿನ ಕೊನೆ ಮುಂದಿನದರ ಆರಂಭವನ್ನು ಒಂದು ಮಿಲಿಸೆಕೆಂಡ್ ದಾಟಬಹುದು. ಕೆಲವು ಪ್ಲೇಯರ್‌ಗಳಲ್ಲಿ ಆಗ ಎರಡೂ ಒಂದರ ಮೇಲೊಂದು ಮಿಣುಕುತ್ತವೆ. ನಡುವೆ ಎರಡು ಫ್ರೇಮ್ ಅಂತರ ಇಟ್ಟರೆ, ಅಂದರೆ 24ರಲ್ಲಿ 83 ಮಿಲಿಸೆಕೆಂಡ್, ಈ ತಾಪತ್ರಯವೂ ಇಲ್ಲ, ಹೊಸ ಸಾಲು ಬಂತೆಂದು ಕಣ್ಣಿಗೂ ತಿಳಿಯುತ್ತದೆ.

ವೆಬ್ ಪುಟದಲ್ಲಿ ಹಾಕುವವರು ಟ್ರ್ಯಾಕ್ ಟ್ಯಾಗಿನಲ್ಲಿ ‘ಕೈಂಡ್’ ಎಂಬುದಕ್ಕೆ ಕ್ಯಾಪ್ಶನ್ಸ್ ಎಂದೇ ಬರೆಯಿರಿ. ಬಿಟ್ಟರೆ ಬ್ರೌಸರ್ ಸಬ್‌ಟೈಟಲ್ ಎಂದು ಹಿಡಿಯುತ್ತದೆ. ಭಾಷಾ ಸಂಕೇತ ‘ಕೆ’ ಮತ್ತು ‘ಎನ್’ ಎಂಬ ಎರಡು ಸಣ್ಣಕ್ಷರ. ಫೈಲ್ ಬೇರೆ ಸರ್ವರಿನಲ್ಲಿದ್ದರೆ ಕ್ರಾಸ್‌ಆರಿಜಿನ್ (ಬೇರೆ ಸರ್ವರಿನಿಂದ ತರಿಸಿಕೊಳ್ಳುವ) ಅನುಮತಿ ಇಲ್ಲದೆ ಲೋಡ್ ಆಗುವುದಿಲ್ಲ. ವಿಡಿಯೋವನ್ನು ತುಂಡು ತುಂಡಾಗಿ ಕಳಿಸುವ ಎಚ್‌ಎಲ್‌ಎಸ್ ಸ್ಟ್ರೀಮಿಂಗ್‌ನಲ್ಲಿ ವಿಟಿಟಿಯನ್ನು ತುಂಡು ಮಾಡುವಾಗ ತುಂಡುಗಳ ಗಡಿ ದಾಟುವ ಕ್ಯಾಪ್ಶನ್ ಎರಡೂ ತುಂಡಿನಲ್ಲಿ ಇರಬೇಕು. ಅಲ್ಲಿ ವಿಡಿಯೋ ಗಡಿಯಾರ ಸೆಕೆಂಡಿಗೆ 90000 ಎಣಿಸುತ್ತದೆ, ಎಷ್ಟೋ ಬಾರಿ 900000ದಿಂದ ಶುರುವಾಗುತ್ತದೆ. ಅದನ್ನು ಟೈಮ್‌ಸ್ಟ್ಯಾಂಪ್ ಮ್ಯಾಪ್ ಸಾಲಿನಲ್ಲಿ ಹೇಳದಿದ್ದರೆ ಎಲ್ಲ ಕ್ಯಾಪ್ಶನ್ ಕರಾರುವಾಕ್ಕಾಗಿ ಹತ್ತು ಸೆಕೆಂಡ್ ತಪ್ಪುತ್ತದೆ. ಇಷ್ಟು ದುಂಡನೆಯ ಅಂಕಿ ಕಂಡರೆ ಟೈಪ್ ಮಾಡಿದವರನ್ನು ಬೈಯಬೇಡಿ.

ಅಚ್ಚೊತ್ತುವುದೇ ಬೇಕೆಂದರೆ ಒತ್ತಕ್ಷರ ಜೋಡಿಸುವ ಎಂಜಿನ್ ಬೇಕು: ಪ್ರೀಮಿಯರ್‌ನಲ್ಲಿ ಸೌತ್ ಏಷ್ಯನ್ ಪಠ್ಯ ಎಂಜಿನ್, ಎಫ್‌ಎಫ್‌ಎಂಪೆಗ್‌ನಲ್ಲಿ ಹಾರ್ಫ್‌ಬಜ್ ಸೇರಿಸಿ ಕಟ್ಟಿದ ಲಿಬ್‌ಆಸ್. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಕಡೆಯ ಪರೀಕ್ಷೆಯನ್ನು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಮಾಡಬೇಡಿ, ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಎಕ್ಸ್‌ಪೋರ್ಟ್ ಆದ ವಿಡಿಯೋವನ್ನೂ ಫೈಲನ್ನೂ ಬೇರೆ ಯಂತ್ರಕ್ಕೆ ಒಯ್ದು, ಮೊದಲು ಸದ್ದಿನೊಂದಿಗೆ ಆ ಮೂರು ಜಾಗ ನೋಡಿ. ಆಮೇಲೆ ಸದ್ದು ಪೂರ್ತಿ ಆರಿಸಿ ಐದು ನಿಮಿಷ ನೋಡಿ. ಫೈಲಿನ ಹೆಸರಿನಲ್ಲಿ ಭಾಷೆ, ಫ್ರೇಮ್ ದರ, ಡ್ರಾಪ್ ಅಥವಾ ನಾನ್ ಡ್ರಾಪ್, ವಿಡಿಯೋದ ಒಟ್ಟು ಅವಧಿ ಬರೆದಿಡಿ. ಆರು ತಿಂಗಳ ನಂತರ ಯಾರಾದರೂ ವಿಡಿಯೋದ ಮೊದಲ ಎಂಟು ಸೆಕೆಂಡ್ ಕತ್ತರಿಸಿ ಮತ್ತೆ ಹಾಕಿದಾಗ, ಅವಧಿ ಹೊಂದುತ್ತಿಲ್ಲ ಎಂಬುದು ಫೈಲ್ ತೆರೆಯದೆಯೇ ಗೊತ್ತಾಗುತ್ತದೆ.